ಹುಕುಂ ಕೊಡದ ಸಾಹೇಬ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರಿನವರು ಹೇಳುತ್ತಾರೆ. ನಮ್ಮ ಊರಿನಲ್ಲಿ ಮುತ್ತು ಹೋಗುತ್ತದೆ, ಮಾತು ಹೋಗುವುದಿಲ್ಲ. ಎಲ್ಲರ ಮಾತೂ ಅಲ್ಲ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ಅತ್ತೆಯಂದಿರ ಮಾತೂ ಉಳಿಯುವಂತಿದ್ದರೆ ಊರು ಎಂದೋ ಖಾಲಿಯಾಗುತ್ತಿತ್ತು. ಹೆಗಲ ಮೇಲೆ ಸ್ಟಾರು ಇರುವ ಸಾಹೇಬ ಬಾಯಿಬಿಟ್ಟು ಕೊಟ್ಟ ಹುಕುಂ ಮಾತ್ರ, ಅದು ನೆರವೇರುವ ತನಕ, ಕೊಟ್ಟ ಜಾಗದಲ್ಲೇ ನಿಂತು ಅವನದೇ ದನಿಯಲ್ಲಿ ಕೂಗುತ್ತಿರುತ್ತದೆ. ನೆರವೇರಿತೋ, ಅಲ್ಲಿಗೆ ಸುಮ್ಮನಾಗುತ್ತದೆ. ಕೊಟ್ಟ ಸಾಹೇಬ ವರ್ಗವಾಗಿ ಹೋದರೂ, ಸತ್ತರೂ, ಮನಸ್ಸು ಬದಲಿಸಿದರೂ ಅದಕ್ಕೆ ಸಂಬಂಧವಿಲ್ಲ. ಯಾಕೆ ಹೀಗೆ ಎಂದು ಕೇಳುವವರು ಹೊಸಬರು. ನಾವು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಾನು ದುಂಡಪ್ಪ, ಇಲ್ಲಿನ ದಂಡಿನ ಬಾಕಿ ಹವಾಲ್ದಾರ. ಬೇರೆ ದಂಡುಗಳಲ್ಲಿ ಈ ಹುದ್ದೆ ಇಲ್ಲವಂತೆ. ಬೆಳಿಗ್ಗೆ ಚಹಾ ಕುಡಿದ ಮೇಲೆ ಇಬ್ಬರು ಸಿಪಾಯಿಗಳನ್ನು ಕರೆದುಕೊಂಡು, ಒಂದು ಸಲಿಕೆ, ಒಂದು ಹಗ್ಗ, ಒಂದು ಬಕೆಟ್ಟು ಹಿಡಿದು ದಂಡಿನ ಸುತ್ತ ತಿರುಗುವುದು, ಎಲ್ಲೆಲ್ಲಿ ಯಾವ ಹುಕುಂ ಬಾಕಿ ಉಳಿದು ಕೂಗುತ್ತಿದೆಯೋ ಕೇಳಿ, ತೀರಿಸಲು ಬರುವುದನ್ನು ತೀರಿಸುವುದು, ಇಷ್ಟೇ ನನ್ನ ಕೆಲಸ. ಈ ಕಲ್ಲು ಸರಿಸು ಎಂದರೆ ಸರಿಸಿದೆವು. ಆ ಬೇಲಿ ಕಟ್ಟು ಎಂದರೆ ಕಟ್ಟಿದೆವು. ಕೆಲವು ತೀರುವುದಿಲ್ಲ. ಅಡುಗೆಮನೆಯ ಹಿಂದೆ ಯಾವುದೋ ಕಾಲದ ಮೇಜರ್ ಒಬ್ಬ 'ಆ ನಾಯಿಯನ್ನು ಓಡಿಸು' ಎಂದು ಹೇಳಿ ಹೋಗಿದ್ದಾನೆ. ಆ ನಾಯಿ ಸತ್ತು, ಅದರ ಮೊಮ್ಮಕ್ಕಳೂ ಸತ್ತವು. ನಾನೇ ಅಲ್ಲಿಂದ ಇಪ್ಪತ್ತು ನಾಯಿ ಓಡಿಸಿದೆ. ಒಂದಕ್ಕೂ ಅದು ಒಪ್ಪಲಿಲ್ಲ. ಬಾವಿಯ ಕಟ್ಟೆಯ ಮೇಲೆ ಇನ್ನೊಂದಿದೆ, ಬರೀ 'ಬೇಗ, ಬೇಗ' ಎನ್ನುತ್ತದೆ. ಯಾರಿಗೆ, ಏನು ಬೇಗ, ದೇವರಿಗೇ ಗೊತ್ತು. ಊರಿಗೆ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಗಾಬರಿಯಲ್ಲಿ ಅಲ್ಲಿ ಕೊಡ ಒಡೆಯುತ್ತಾರೆ. ಆಮೇಲೆ ಅವರೂ ಹೊಂದಿಕೊಳ್ಳುತ್ತಾರೆ.

ತರಬೇತಿ ಶಾಲೆಯಿಂದ ನೆಟ್ಟಗೆ ಬಂದ ಎಳೆಯ ಸಾಹೇಬರು ಮೊದಮೊದಲು ಹುಕುಮನ್ನು ಜೋಳ ಬಿತ್ತಿದ ಹಾಗೆ ಬಿತ್ತುತ್ತಾರೆ. ಮೂರು ತಿಂಗಳಲ್ಲಿ ಅವರದೇ ದನಿ ನಾಲ್ಕೂ ದಿಕ್ಕಿನಿಂದ ಅವರ ಕಿವಿಗೆ ಬೀಳತೊಡಗಿದಾಗ ಮುಖ ಬಾಡುತ್ತದೆ, ಕಿವಿಗೆ ಹತ್ತಿ ಹುಡುಕುತ್ತಾರೆ. ಆದರೆ ಒಂದು ಮಾತು ಹೇಳಬೇಕು, ಸಿಪಾಯಿಗೆ ಇದರಿಂದ ಬರೀ ಕಾಟವಲ್ಲ, ಆಸರೆಯೂ ಇತ್ತು. ಕೆಲಸದ ನಡುವೆ ಯಾರಾದರೂ ತಡೆದು, ಯಾರು ಹೇಳಿದರು ನಿನಗೆ ಎಂದು ಜಬರಿಸಿದರೆ ಸಿಪಾಯಿ ಬಾಯಿಬಿಡಬೇಕಾಗಿರಲಿಲ್ಲ. ಅತ್ತ ಬೆರಳು ತೋರಿಸಿದರೆ ಮುಗಿಯಿತು, ಹುಕುಮೇ ಸಾಕ್ಷಿ ನುಡಿಯುತ್ತಿತ್ತು. ಕಾಗದದ ಮೇಲಿನ ಹುಕುಮನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಕಾಗದವನ್ನು ಯಾರು ಬೇಕಾದರೂ ಬರೆಯಬಹುದು.

ಪರೇಡ್ ಮೈದಾನದ ಮೂಡಣ ಮೂಲೆಯಲ್ಲಿ ಒಂದು ಬಾಕಿ ಇದೆ, ಸುತ್ತಿನಲ್ಲಿ ಅದೊಂದನ್ನು ನಾನು ದೂರದಿಂದಲೇ ಬಳಸಿಕೊಂಡು ಹೋಗುತ್ತೇನೆ. ನಾವು ಆಗಷ್ಟೇ ಸೇರಿದ್ದ ಬೇಸಿಗೆ ಅದು. ಮಧ್ಯಾಹ್ನದ ಕವಾಯತಿನಲ್ಲಿ ನಿಂಗೋಜಿ ಎಂಬ ಸಿಪಾಯಿ ಕಣ್ಣು ಕತ್ತಲಿಟ್ಟು ಬಿದ್ದ. ಆಗಿನ ಕ್ಯಾಪ್ಟನ್ ಅವನ ತಲೆಯ ಹತ್ತಿರ ನಿಂತು, 'ನಿಂಗೋಜಿ, ಎದ್ದೇಳು' ಎಂದ. ನಿಂಗೋಜಿ ಏಳಲಿಲ್ಲ. ಅವನನ್ನು ಆಸ್ಪತ್ರೆಗೆ ಹೊತ್ತವರು ಇಬ್ಬರು, ತಲೆಯ ಕಡೆ ನನ್ನ ಜೊತೆಗೇ ಸೇರಿದ್ದ ಭರಮಪ್ಪ, ಕಾಲಿನ ಕಡೆ ನಾನು. ದಾರಿಯಲ್ಲೇ ಅವನು ಭಾರವಾದದ್ದು ಇಬ್ಬರ ಕೈಗೂ ತಿಳಿಯಿತು, ಆದರೂ ಓಡುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೆರಡು ವರ್ಷವಾಯಿತು. ಆ ಕ್ಯಾಪ್ಟನ್ ಎಲ್ಲಿದ್ದಾನೋ, ಅವನ ದನಿ ಇನ್ನೂ ಆ ಮೂಲೆಯಲ್ಲಿ ನಿಂತು ನಿಂಗೋಜಿಯನ್ನು ಏಳಿಸುತ್ತಲೇ ಇದೆ.

ಭರಮಪ್ಪನೂ ನಾನೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಎದೆ ಅಳೆಸಿಕೊಂಡವರು. ಹದಿನೆಂಟು ವರ್ಷ ಒಂದೇ ಬ್ಯಾರಕಿನಲ್ಲಿ ಪಕ್ಕಪಕ್ಕದ ಮಂಚ. ನನಗೆ ಅವನು ಭರಮ್ಯಾ, ಅವನಿಗೆ ನಾನು ದುಂಡ್ಯಾ. ಎಳೆಯ ಸಾಹೇಬರು ಒಬ್ಬರ ಹಿಂದೆ ಒಬ್ಬರು ಕಿವಿ ಮುಚ್ಚಿಕೊಂಡು ವರ್ಗ ಮಾಡಿಸಿಕೊಂಡು ಹೋಗತೊಡಗಿದಾಗ ದೊಡ್ಡ ಸಾಹೇಬರು, ಅಂದರೆ ನಮ್ಮ ಕರ್ನಲ್, ಸಿಪಾಯಿಗಳಲ್ಲೇ ಒಬ್ಬನನ್ನು ಪರೀಕ್ಷೆಗೆ ಕೂರಿಸಿ ಸಾಹೇಬನನ್ನಾಗಿ ಮಾಡುವುದೆಂದು ಗೊತ್ತುಮಾಡಿದರು. ಓದು ಬರಹ ಚೆನ್ನಾಗಿ ಬಲ್ಲವನು, ಕುಡಿಯದವನು, ಜಗಳಕ್ಕೆ ಹೋಗದವನು ಎಂದರೆ ಭರಮಪ್ಪನೇ. ಪಾಸಾದ. ಸ್ಟಾರು ಹಚ್ಚಿಸಿಕೊಂಡು ಬಂದ ದಿನ ನಾನು ವಾಡಿಕೆಯಂತೆ ಅವನ ಹೆಗಲ ಮೇಲೆ ಕೈ ಹಾಕಿದೆ. ಅಂಗೈಗೆ ಹಿತ್ತಾಳೆ ಚುಚ್ಚಿತು. ಕೈ ತೆಗೆದೆ. ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆಮೇಲೆ ನನ್ನ ಬಾಕಿ ಕೋಣೆಯಲ್ಲಿ ಕುಳಿತು ಚಹಾ ಕುಡಿಯುವಾಗ ಅವನು ಮೆಲ್ಲಗೆ ಹೇಳಿದ.

"ನನ್ನ ಬಾಯಿಂದ ಒಂದ್ ಹುಕುಂ ಬೀಳಂಗಿಲ್ಲ, ದುಂಡ್ಯಾ. ಹೊತ್ತಾವ್ರಿಗೆ ಗೊತ್ತೈತಿ ಅದರ ಭಾರ."

ನನಗೆ ಆಗ ಹೆಮ್ಮೆಯಿಂದ ಎದೆ ಉಬ್ಬಿತು. ಇದನ್ನು ಒಪ್ಪಿಕೊಳ್ಳಲೇಬೇಕು.

ಹೇಳಿದಂತೆಯೇ ನಡೆದ. ಗಟಾರ ಕಟ್ಟಿಕೊಂಡಿದ್ದರೆ, ಇದನ್ನು ಬಳಿದರೆ ಚೆನ್ನಾಗಿರುತ್ತದಲ್ಲ ಎನ್ನುತ್ತ ತಾನೇ ಸಲಿಕೆ ಹಿಡಿಯುತ್ತಿದ್ದ. ಸಾಹೇಬ ಸಲಿಕೆ ಹಿಡಿದ ಮೇಲೆ ಸಿಪಾಯಿ ಕೈಕಟ್ಟಿ ನಿಲ್ಲಲು ಬರುತ್ತದೆಯೇ. ದೂರದ ಪಹರೆಗೆ ಯಾರನ್ನಾದರೂ ಕಳಿಸಬೇಕಾದರೆ, ನಿನ್ನ ಕಾಲು ನೋವು ಹೇಗಿದೆ ಎಂದು ಮೊದಲು ವಿಚಾರಿಸಿ, ಹೋಗಿ ಬರುತ್ತೀಯಾ ಎಂದು ಕೇಳುತ್ತಿದ್ದ. ಅವನ ಕಂಪನಿಯ ಅಂಗಳದಲ್ಲಿ ಒಂದೇ ಒಂದು ಬಾಕಿ ಇರಲಿಲ್ಲ. ಇಡೀ ದಂಡಿನಲ್ಲಿ ಗಾಳಿಯ ಸದ್ದು ಕೇಳುವ ಜಾಗ ಅದೊಂದೇ. ಪೇಟೆಯ ಹೆಂಗಸರು ಹಟಮಾರಿ ಕೂಸುಗಳನ್ನು ಎತ್ತಿಕೊಂಡು ಬಂದು ಅಲ್ಲಿನ ಬೇವಿನ ಮರದ ಕೆಳಗೆ ಮಲಗಿಸುತ್ತಿದ್ದರು. ಕಾವಲಿನವನು ಬೈಯುವ ಬದಲು ತೊಟ್ಟಿಲ ಹಗ್ಗ ಕಟ್ಟಿಕೊಡುತ್ತಿದ್ದ.

ಹಾಗೆಂದು ಅವನ ಕಣ್ಣಿಗೆ ಮಣ್ಣೆರಚಲು ಬರುತ್ತಿತ್ತು ಎಂದಲ್ಲ. ನಮ್ಮವನೇ ಸಾಹೇಬನಾದ, ಇನ್ನು ದಿನಾ ಹಬ್ಬ ಎಂದುಕೊಂಡವರಿಗೆ ವಾರದಲ್ಲೇ ಬಿಸಿ ತಟ್ಟಿತು. ನಮ್ಮ ದಂಡು ಕಾಯುವುದು ಊರಾಚೆಯ ಜೌಗನ್ನು. ಜೌಗಿನ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಹೊರಠಾಣೆ, ಅಲ್ಲಿಗೆ ಹೋಗಲು ಅರ್ಧ ಮೈಲಿನ ಹಲಗೆ ದಾರಿ. ಆಚೆ ಕಡೆಯಿಂದ ವೈರಿ ಬರುತ್ತಾನೆಂದು ನಮ್ಮ ಅಜ್ಜಂದಿರೂ ಕಾದರು, ನಾವೂ ಕಾಯುತ್ತಿದ್ದೇವೆ, ಬಂದದ್ದು ಸೊಳ್ಳೆ ಮಾತ್ರ. ದಾರಿ ನೋಡಿ ಬರಲು ಹೊರಟವರು ಅರ್ಧಕ್ಕೇ ಕುಳಿತು ಬೀಡಿ ಸೇದಿ, ಬಕೆಟ್ಟಿನಲ್ಲಿ ಬೂಟು ಅದ್ದಿಕೊಂಡು ಹಿಂದಿರುಗುವುದು ಹಳೆಯ ಪದ್ಧತಿ. ಹಿಂದಿನ ಸಾಹೇಬರಿಗೆ ಒದ್ದೆ ಬೂಟು ಕಂಡರೆ ಸಾಕಿತ್ತು. ಭರಮಪ್ಪ ಬಗ್ಗಿ ಬೂಟಿನ ಹೊಲಿಗೆಯಲ್ಲಿ ಉಗುರು ಆಡಿಸುತ್ತಿದ್ದ. ಜೌಗಿನ ಕೆಸರು ಕರಿದು, ಬಕೆಟ್ಟಿನದು ಕೆಂಪು. ಬೈಯುತ್ತಿರಲಿಲ್ಲ. ಈ ಬಕೆಟ್ಟಿನಲ್ಲಿ ನಾನೂ ಅದ್ದಿದವನೇ ಎಂದು ನಕ್ಕು, ಅವರ ಜೊತೆ ತಾನೂ ಹಲಗೆ ದಾರಿಯ ತುದಿಯವರೆಗೆ ನಡೆದು ಬರುತ್ತಿದ್ದ. ಬೈಸಿಕೊಳ್ಳುವುದಕ್ಕಿಂತ ಅದು ದೊಡ್ಡ ಶಿಕ್ಷೆ.

ಅವನು ಮಾತ್ರ ದಿನದಿನಕ್ಕೆ ಸೊರಗುತ್ತ ಬಂದ. ಸಾಹೇಬರ ಮೆಸ್ಸಿನಲ್ಲಿ ಅವನು ಹೋಗಿ ಕುಳಿತರೆ ಉಳಿದವರು ಅರ್ಧ ಆಡಿದ ಮಾತನ್ನು ಅಲ್ಲೇ ನುಂಗುತ್ತಿದ್ದರು. ನಮ್ಮ ಬ್ಯಾರಕಿಗೆ ಬಂದರೆ ಮಂಚದ ಮೇಲೆ ಬಿದ್ದುಕೊಂಡವರೆಲ್ಲ ದಡಬಡಿಸಿ ಎದ್ದು ನಿಲ್ಲುತ್ತಿದ್ದರು. ತ್ರಿಶಂಕುವಿನ ಬಾಳು. ನಾಲ್ಕು ಜನರ ಮುಂದೆ ನಾನೂ ಅವನಿಗೆ ಸಾಹೇಬ್ರ ಎನ್ನುತ್ತಿದ್ದೆ. ಬರಬರುತ್ತ ಇಬ್ಬರೇ ಇದ್ದಾಗಲೂ ಅದೇ ಬಾಯಿಗೆ ಬರತೊಡಗಿತು. ಪ್ರತಿಯೊಂದು ಕೆಲಸಕ್ಕೂ ಮೊದಲು ತಾನೇ ಕೈ ಹಾಕಬೇಕು, ಪ್ರತಿಯೊಬ್ಬನನ್ನೂ ಕೇಳಿಕೊಳ್ಳಬೇಕು, ಎಂಬತ್ತು ಮಂದಿ. ನಲವತ್ತಕ್ಕೇ ಅವನ ಬೆನ್ನು ಬಾಗಿತು. ಸಂಜೆ ನನ್ನ ಕೋಣೆಗೆ ಬಂದು ಚಹಾ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದ. ನಾನು ಲೋಟ ಮೆಲ್ಲಗೆ ತೆಗೆದಿಡುತ್ತಿದ್ದೆ.

ಹೀಗಿರುವಾಗ ಹಲಗೆಯ ಪ್ರಕರಣ ನಡೆಯಿತು. ಹೊರಠಾಣೆಯ ದಾರಿಯಲ್ಲಿ, ದಂಡೆಯಿಂದ ಇನ್ನೂರು ಹೆಜ್ಜೆಯಲ್ಲಿ, ನಾಲ್ಕು ಹಲಗೆ ಕೊಳೆತಿದ್ದವು. ಅವನ ಕಂಪನಿಯಲ್ಲಿ ಯಮನಪ್ಪ ಎಂಬ ನಾಯಕ್ ಇದ್ದ, ಮೂವತ್ತರ ಆಳು, ಮಾತು ಕಡಿಮೆ, ಕೆಲಸ ಜಾಸ್ತಿ. ಅವನ ಹೆಂಡತಿ ಫಕೀರವ್ವ ದಂಡಿನ ಬಟ್ಟೆ ಒಗೆಯುತ್ತಿದ್ದಳು. ಭರಮಪ್ಪ ಯಮನಪ್ಪನನ್ನು ಕರೆದು, ಗೋದಾಮಿನಲ್ಲಿ ಹೊಸ ಹಲಗೆ ಇವೆಯಲ್ಲ, ತಂದು ಹಾಕಿದರೆ ಹೇಗೆ ಎಂದ. ಆಗಲಿ ಎಂದು ಯಮನಪ್ಪ ಹಲಗೆ ಹೊತ್ತು ಹೊರಟ. ಅರ್ಧ ದಾರಿಯಲ್ಲಿ ದೊಡ್ಡ ಸಾಹೇಬರು ಎದುರಾದರು. ಗೋದಾಮಿನ ಸಾಮಾನು ಎಲ್ಲಿಗೆ, ಯಾರ ಹುಕುಂ ಎಂದು ಕೇಳಿದರು. ಯಮನಪ್ಪ ರೂಢಿಯಂತೆ ಕಂಪನಿಯ ಅಂಗಳದ ಕಡೆ ಬೆರಳು ತೋರಿಸಿದ. ಅಲ್ಲಿ ಬೇವಿನ ಎಲೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಕಳ್ಳತನವೆಂದು ಹದಿನಾಲ್ಕು ದಿನ, ಬೆನ್ನಿಗೆ ಮರಳು ಚೀಲ ಕಟ್ಟಿ ಮೈದಾನ ಸುತ್ತಿಸಿದರು. ಭರಮಪ್ಪ ಓಡಿಹೋಗಿ, ಹೇಳಿದ್ದು ನಾನು ಎಂದು ದೊಡ್ಡ ಸಾಹೇಬರ ಮುಂದೆ ನಿಂತ. ಹೇಳಿದ್ದರೆ ಅದು ಎಲ್ಲಿ, ನನಗೆ ಕೇಳಿಸುತ್ತಿಲ್ಲವಲ್ಲ, ಹಾಕಿದರೆ ಹೇಗೆ ಎನ್ನುವುದು ಹುಕುಮಲ್ಲ, ಹರಟೆ ಎಂದು ಅವರು ಕಳಿಸಿಬಿಟ್ಟರು. ಹಲಗೆ ಗೋದಾಮಿಗೆ ವಾಪಸು ಹೋದವು. ಈಗಲಾದರೂ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಆಗುತ್ತಿತ್ತು. ಇಲ್ಲ, ಭರಮಪ್ಪ ಯಾರಿಗೂ ಹೇಳದೆ ತಾನೇ ಹೋಗಿ ಎರಡು ಹಳೆಯ ಹಲಗೆಗೆ ಮೊಳೆ ಹೊಡೆದು ಬಂದ. ಮರಳು ಚೀಲ ಇಳಿದ ಮೇಲೆ ಯಮನಪ್ಪ ಸೆಲ್ಯೂಟು ಮೊದಲಿಗಿಂತ ಖಡಕ್ಕಾಗಿ ಹೊಡೆಯತೊಡಗಿದ. ದನಿ ಇಲ್ಲದ ಮಾತಿಗೆ ಕಾಲು ಎತ್ತಬಾರದು ಎಂಬ ಪಾಠವನ್ನು ಕಂಪನಿಯ ಎಂಬತ್ತೂ ಮಂದಿ ಅವನನ್ನು ನೋಡಿ ಕಲಿತರು.

ಆ ವಾರ ಭರಮಪ್ಪ ನನ್ನ ಕೋಣೆಯಲ್ಲಿ ಕುಳಿತು ಕಣ್ಣೀರು ತಂದುಕೊಂಡ. ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಮೊದಲು ಹುಕುಮಿನ ದುಡಿಮೆ ನಮ್ಮದು, ಅದರ ಹೊಣೆ ಸಾಹೇಬನದು. ಈಗ ಎರಡೂ ನಮ್ಮ ತಲೆಗೇ ಬಂದಿದ್ದವು. ಒಳ್ಳೆಯತನ ಅವನದು, ಮರಳು ಚೀಲ ಯಮನಪ್ಪನದು. ಇದನ್ನು ಅವನಿಗೆ ಮುಖಕ್ಕೆ ಹೇಳಬಹುದಾಗಿದ್ದವನು ಇಡೀ ದಂಡಿನಲ್ಲಿ ನಾನೊಬ್ಬನೇ. ಅವನು ಅಷ್ಟು ದಣಿದಿದ್ದ, ನಾಳೆ ಹೇಳಿದರಾಯಿತು ಎಂದುಕೊಂಡೆ. ಸಾಹೇಬನಾದ ಗೆಳೆಯನನ್ನು ಎದುರುಹಾಕಿಕೊಳ್ಳುವ ಧೈರ್ಯವೂ ಇರಲಿಲ್ಲ ಅನ್ನಿ. ಹೇಳದೆ ಉಳಿದೆ.

ಎರಡು ತಿಂಗಳಾದ ಮೇಲೆ, ಮೇಲಿನ ಸೀಮೆಯಲ್ಲಿ ಎಲ್ಲೋ ಕೆರೆ ಒಡೆದು ಜೌಗಿನಲ್ಲಿ ನೀರು ಏರತೊಡಗಿತು. ದೊಡ್ಡ ಸಾಹೇಬರು ಮೂರು ದಿನದ ಕೆಲಸಕ್ಕೆ ಹೊರಗೆ ಹೋಗಿದ್ದರು, ಉಳಿದ ಸಾಹೇಬರು ಅವರ ಸಂಗಡ. ಇದ್ದವನು ಭರಮಪ್ಪ ಒಬ್ಬ. ಹೊರಠಾಣೆಯಲ್ಲಿ ಯಮನಪ್ಪ ಮತ್ತು ಮೂವರು ಸಿಪಾಯಿಗಳ ಪಾಳಿ. ಬೆಳಿಗ್ಗೆ ಹತ್ತರ ಹೊತ್ತಿಗೆ ನಾವಿಬ್ಬರೂ ದಂಡೆಗೆ ಬಂದಾಗ ಬಟ್ಟೆ ಒಗೆಯುವ ಕಲ್ಲುಗಳಿಗೆ ನೀರು ಮುಟ್ಟುತ್ತಿತ್ತು. ಫಕೀರವ್ವನೂ ಇನ್ನಿಬ್ಬರೂ ಬಟ್ಟೆ ಗಂಟು ಕಟ್ಟುತ್ತಿದ್ದರು. ದೂರದಲ್ಲಿ ದಿಬ್ಬದ ಅಂಚಿಗೆ ಆ ನಾಲ್ವರೂ ಬಂದು ಸಾಲಾಗಿ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದು ಕಾಣುತ್ತಿತ್ತು. ಹುಕುಮಿಲ್ಲದೆ ಠಾಣೆ ಬಿಟ್ಟವನನ್ನು ಓಡಿಹೋದವನೆಂದು ಹಿಡಿಯುವುದು ದಂಡಿನ ಕಾಯಿದೆ. ಹಲಗೆ ದಾರಿ ಇನ್ನೂ ನೀರಿನ ಮೇಲೇ ಇತ್ತು. ನಾಲ್ಕು ಅಂಗುಲವಿರಬಹುದು, ಇತ್ತು.

ಭರಮಪ್ಪ ಕೈ ಎತ್ತಿ, ಬನ್ನಿ ಎಂದು ಬೀಸಿದ. ಯಾರೂ ಕದಲಲಿಲ್ಲ. ಎರಡೂ ಕೈಯಿಂದ ಬೀಸಿದ. ಯಮನಪ್ಪ ತನ್ನ ಕೈಯನ್ನು ಕಿವಿಯ ಹಿಂದೆ ಇಟ್ಟು ತೋರಿಸಿದ. ಅವನಿಗೆ ಕಾಣಲಿಲ್ಲವೆಂದಲ್ಲ. ಕೂಗಿದ್ದನ್ನಾದರೆ ಇಡೀ ದಂಡು ಕೇಳಿರುತ್ತದೆ, ಕೈ ಬೀಸಿದ್ದಕ್ಕೆ ಸಾಕ್ಷಿಯಿಲ್ಲ. ಆ ಲೆಕ್ಕಾಚಾರವನ್ನು ಅವನಿಗೆ ಕಲಿಸಿದವರು ನಾವೇ. ಗಾಳಿ ನಮ್ಮ ಕಡೆಯಿಂದ ಅತ್ತ ಬೀಸುತ್ತಿತ್ತು, ಒಮ್ಮೆ ಕೂಗಿದರೆ ಸಾಕು, ಮುಟ್ಟುವತನಕ ದನಿ ತಾನೇ ಕೂಗಿಕೊಳ್ಳುತ್ತದೆ. ಭರಮಪ್ಪನ ಗಂಟಲ ನರ ಎದ್ದಿತು, ಇಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಆಮೇಲೆ ಅವನು ಬೂಟು ಕಳಚಿ, ನಾನೇ ಹೋಗಿ ಕರೆತರುತ್ತೇನೆ ಎಂದು ಹಲಗೆಯ ಮೇಲೆ ನಡೆದುಬಿಟ್ಟ. ಅರ್ಧ ಮೈಲಿನ ದಾರಿ, ಹೋಗಿ ಬರುವಷ್ಟರಲ್ಲಿ ಏನು ಉಳಿಯುತ್ತದೆ. ನಾನು ಹಿಂದೆ ಓಡಿ, ಐವತ್ತು ಹೆಜ್ಜೆಯಲ್ಲಿ ಅವನ ಬೆಲ್ಟು ಹಿಡಿದು ನಿಲ್ಲಿಸಿದೆ. ಕೊಸರಾಡಿದ. ಬೈದ. ಕೊನೆಗೆ ಇಬ್ಬರೂ ದಂಡೆಗೆ ಬಂದು ನಿಂತೆವು. ನಿಂತೇ ಇದ್ದೆವು. ನೀರು ಹಲಗೆಯ ಅಂಚು ಸವರತೊಡಗಿತು.

"ಯಾರರ ಒಬ್ಬಾಂವ ಬರಲಿಲ್ಲ ಅಂದ್ರ, ದುಂಡ್ಯಾ? ಅದು ಇಲ್ಲೇ ನಿಂತು ಒದರ್ತೈತಿ. ಅವನ ಹೇಂತಿ ಇಲ್ಲೇ ಅರಿವಿ ಒಗೀತಾಳ."

ನಿಂಗೋಜಿಯ ತಲೆ ಹಿಡಿದು ಓಡಿದವನ ಮಾತು ಅದು. ನನಗೆ ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾಯಿತೆಂದೇ ನಾನೂ ಸುಮ್ಮನೆ ನಿಂತೆ. ಶಾಲೆಯಿಂದ ಬಂದ ಯಾವ ಎಳೆಯ ಸಾಹೇಬನಾದರೂ ನೀರು ಕಂಡ ಗಳಿಗೆಯಲ್ಲೇ ಅರಚಿ ಬಿಸಾಕುತ್ತಿದ್ದ, ಮುಂದಿನದನ್ನು ಯೋಚಿಸುವಷ್ಟು ಅವನಿಗೆ ಗೊತ್ತಿರುತ್ತಿರಲಿಲ್ಲ. ನಮಗಿಬ್ಬರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕಾಲ ಹೋಯಿತು. ಫಕೀರವ್ವ ಗಂಟು ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ, ವರ್ಷಗಳಿಂದ ಬಾಯಿಗೆ ಬಾರದಿದ್ದ ಹೆಸರು ಹಿಡಿದು ಕರೆದೆ.

"ಕೂಗು, ಭರಮ್ಯಾ."

ಅವನು ಕೂಗಿದ. 'ಠಾಣೆ ಬಿಟ್ಟು ನಾಲ್ಕೂ ಮಂದಿ ಹಿಂದಕ್ಕ ಬರ್ರಿ.' ಅಷ್ಟು ದೊಡ್ಡ ದನಿ ಅವನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವನು ಬಾಯಿ ಮುಚ್ಚಿದ ಮೇಲೂ ಅದು ದಂಡೆಯ ಮೇಲೆ ನಿಂತು ಮತ್ತೆ ಮತ್ತೆ ಕೂಗಿತು. ಕಿವಿಯ ಹಿಂದಿನ ಕೈ ಇಳಿಸಿ ಯಮನಪ್ಪ ಸೆಲ್ಯೂಟು ಹೊಡೆದ. ಆಮೇಲೆ ಕಿರಿಯರು ಮೂವರನ್ನೂ ಮುಂದೆ ಬಿಟ್ಟು ತಾನು ಕಡೆಯಲ್ಲಿ ಇಳಿದ. ಹಲಗೆಗಳು ಆಗಲೇ ಮುಳುಗಿದ್ದವು. ಕಾಲಿನಿಂದ ತಡವಿ ತಡವಿ ಬಂದರು. ಕೊಳೆತ ಜಾಗ ದಾಟುವಾಗ ಮುಂದಿನ ಮೂವರ ಭಾರಕ್ಕೆ ಭರಮಪ್ಪ ಹೊಡೆದಿದ್ದ ಮೊಳೆ ಕಿತ್ತವೋ, ನೀರಿನ ಸೆಳೆತಕ್ಕೋ, ಆ ತುಂಡು ದಾರಿ ಎದ್ದು ಪಕ್ಕಕ್ಕೆ ಮಗುಚಿಕೊಂಡಿತು. ನಾವು ಮುಳುಗಿದ ಹಲಗೆ ತಡವುತ್ತ ಅಲ್ಲಿಯವರೆಗೆ ಹೋಗಿ ಹಗ್ಗ ಎಸೆದೆವು. ಒಬ್ಬನನ್ನು ಕೂದಲು ಹಿಡಿದು ಎಳೆದೆ. ಬಂದವರನ್ನು ಎಣಿಸುವ ಪುರುಸೊತ್ತೂ ಇರಲಿಲ್ಲ. ಎಳೆದು ತಂದವರನ್ನೆಲ್ಲ ಕಲ್ಲಿನ ಮೇಲೆ ಕೂರಿಸಿ ಉಸಿರು ಬಿಟ್ಟಾಗ, ಹುಕುಂ ಇನ್ನೂ ಕೂಗುತ್ತಲೇ ಇತ್ತು. ಒಬ್ಬ ಬಂದಿಲ್ಲವೆಂದು ನಮಗೆ ತಿಳಿದದ್ದು ಹಾಗೆ. ಫಕೀರವ್ವನಿಗೂ ಹಾಗೆಯೇ ತಿಳಿಯಿತು.

ದೊಡ್ಡ ಸಾಹೇಬರು ಮೂರನೆಯ ದಿನ ಬಂದರು. ಯಮನಪ್ಪನ ಹೆಣ ಸಿಕ್ಕಿರಲಿಲ್ಲ. ಅವರು ದಂಡೆಗೆ ಬಂದು, ಟೊಪ್ಪಿಗೆ ತೆಗೆದು, ಆ ದನಿಯನ್ನು ಸ್ವಲ್ಪ ಹೊತ್ತು ಕೇಳಿದರು. ಇಷ್ಟು ಸ್ಪಷ್ಟವಾದ ಹುಕುಮನ್ನು ಈ ದಂಡಿನಲ್ಲಿ ನಾನು ಕೇಳಿಲ್ಲ, ಸಾಹೇಬನಾದವನು ಮಾಡಬೇಕಾದದ್ದನ್ನು ಮಾಡಿದ್ದಾನೆ ಎಂದರು. ಎಷ್ಟು ಹೊತ್ತಿಗೆ ಕೂಗಿದ್ದು ಎಂದು ನನ್ನನ್ನು ಕೇಳಿದರು. ನೀರು ಕಂಡ ಕೂಡಲೇ ಎಂದೆ. ಯೋಚಿಸಲಿಲ್ಲ, ನಾಲಿಗೆ ತಾನೇ ಹೇಳಿತು; ಹದಿನೆಂಟು ವರ್ಷ ಪಕ್ಕದ ಮಂಚದಲ್ಲಿ ಮಲಗಿದವನ ಮೇಲೆ ಯಾರಾದರೂ ಚಾಡಿ ಹೇಳುತ್ತಾರೆಯೇ. ಭರಮಪ್ಪ, ಇಲ್ಲ ಸಾಹೇಬ್ರ, ನಂದು ತಡ ಎಂದು ಶುರುಮಾಡಿದ. ದೊಡ್ಡ ಸಾಹೇಬರು ಅವನ ಬೆನ್ನು ತಟ್ಟಿ, ಸಿಪಾಯಿಯಾಗಿದ್ದವನ ಕರುಳು ಇದು, ತನ್ನನ್ನೇ ಬೈದುಕೊಳ್ಳುತ್ತದೆ ಎಂದು ಜೊತೆಗಿದ್ದವರಿಗೆ ಹೇಳಿದರು. ಅವನಿಗೆ ಇನ್ನೊಂದು ಸ್ಟಾರು ಕೊಡಬೇಕೆಂದು ಬರೆದು ಕಳಿಸಿದರು. ಊರಿನಲ್ಲೂ ಅದೇ ಮಾತು. ನೋಡು, ಜನಕ್ಕಾಗಿ ಹೇಗೆ ಗಂಟಲು ಹರಿದುಕೊಂಡಿದ್ದಾನೆ ಎಂದು ಪೇಟೆಯವರು ದಂಡೆಗೆ ಬಂದು ಕೇಳಿ ಹೋಗುತ್ತಿದ್ದರು.

ಭರಮಪ್ಪ ದಿನಾ ಬೆಳಿಗ್ಗೆ ದಂಡೆಗೆ ಹೋಗಿ ತನ್ನ ದನಿಯ ಪಕ್ಕದಲ್ಲೇ ನಿಲ್ಲುತ್ತಿದ್ದ. ಸುತ್ತಿನ ನೆಪ ಮಾಡಿಕೊಂಡು ನಾನೂ ಹೋಗುತ್ತಿದ್ದೆ. ಹನ್ನೊಂದನೆಯ ದಿನ ಫಕೀರವ್ವ ಬಟ್ಟೆಯ ಬುಟ್ಟಿ ಹೊತ್ತು ಬಂದಳು. ಬೇರೆ ಕಡೆ ಒಗೆದುಕೋ ಎಂದು ಓಣಿಯವರು ಹೇಳಿದ್ದರಂತೆ. ಕಲ್ಲು ಇರುವುದು ಅಲ್ಲಿ, ಹೊಟ್ಟೆ ಇರುವುದು ಇಲ್ಲಿ ಎಂದಳಂತೆ. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ಕುಕ್ಕರಿಸಿದಳು. ನೀರು ಇಳಿದಿತ್ತು. ಒಂದು ಅಂಗಿ ಒಗೆದಳು, ಎರಡನೆಯದನ್ನು ಕೈಯಲ್ಲಿ ಹಿಡಿದು ಹಾಗೇ ಕುಳಿತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

"ನೀವು ಕರದದ್ದು ಊರಿಗೆಲ್ಲಾ ಕೇಳ್ತೈತ್ರಿ, ಸಾಹೇಬ್ರ. ಅವತ್ತ ನಾ ಇಲ್ಲೇ ಇದ್ನಿ. ಅದಕ್ಕಿಂತ ಮೊದಲ ನೀವಿಬ್ಬರೂ ಸುಮ್ಮನ ನಿಂತಿದ್ರಿ ನೋಡ್ರಿ, ಅದು ಯಾರಿಗೂ ಕೇಳ್ಸಂಗಿಲ್ಲ."

ಇಷ್ಟು ಹೇಳಿ ಅಂಗಿಗೆ ಸಾಬೂನು ಹಚ್ಚಿದಳು. ಭರಮಪ್ಪ ಅಂಗಿಯ ಗುಂಡಿ ಹಾಕಿಕೊಂಡ, ಬೆಲ್ಟು ಸರಿಮಾಡಿಕೊಂಡ, ಬಾಗಿದ ಬೆನ್ನನ್ನು ಎಷ್ಟು ಬರುತ್ತದೋ ಅಷ್ಟು ನೆಟ್ಟಗೆ ಮಾಡಿ ನನ್ನ ಕಡೆ ತಿರುಗಿದ. ಆ ಮುಖ ನನಗೆ ಪರಿಚಯವಿರಲಿಲ್ಲ.

"ಹವಾಲ್ದಾರ ದುಂಡಪ್ಪ, ದೊಡ್ಡ ಸಾಹೇಬ್ರ ಮುಂದ ಹೋಗಿ ಅವತ್ತ ಆದದ್ದನ್ನ ಆದಂಗ ಹೇಳು."

ಅದು ಅಲ್ಲೇ ನಿಂತಿತು. ಮೊದಲನೆಯದರ ಪಕ್ಕದಲ್ಲಿ, ಅದೇ ದನಿಯಲ್ಲಿ, ನನ್ನ ಹೆಸರು ಹಿಡಿದು ಕೂಗತೊಡಗಿತು. ಬೇಡವೋ ಭರಮ್ಯಾ ಎಂದು ಗಂಟಲವರೆಗೆ ಬಂತು. ಅವನು ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದ, ಸಾಲಿನಲ್ಲಿ ನಿಂತ ಸಿಪಾಯಿಯನ್ನು ಸಾಹೇಬರು ನೋಡುವ ಹಾಗೆ. ಕೇಳಿಕೊಂಡಿದ್ದರೆ ನಾನು ಮಾಡುತ್ತಿರಲಿಲ್ಲ, ಅವನಿಗೆ ಅದು ಗೊತ್ತಿತ್ತು. ನನ್ನನ್ನು ಅಷ್ಟು ಬಲ್ಲವನು ಇನ್ನೊಬ್ಬನಿಲ್ಲ. ನಾನು ಹೋಗದಿದ್ದರೆ ಅದು ಇನ್ನು ನಾನು ಸಾಯುವ ತನಕ, ಸತ್ತ ಮೇಲೂ, ಫಕೀರವ್ವನ ಕಲ್ಲಿನ ಮೇಲೆ ನಿಂತು ನನ್ನನ್ನು ಕಳಿಸುತ್ತಲೇ ಇರುತ್ತದೆ. ಕಾಲು ಜೋಡಿಸಿ ಸೆಲ್ಯೂಟು ಹೊಡೆದೆ. ಅವನು ವಾಪಸು ಹೊಡೆದ. ಇಪ್ಪತ್ತೆರಡು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ನಿಜವಾಗಿ ಹೊಡೆದ ಸೆಲ್ಯೂಟು ಅದೊಂದೇ, ಅಲ್ಲಿಗೆ ನಮ್ಮ ಗೆಳೆತನವೂ ಮುಗಿಯಿತು.

ಕಚೇರಿಯವರೆಗಿನ ದಾರಿ ದೂರವೇನಲ್ಲ. ಆದರೂ ಎರಡು ಕಡೆ ನಿಂತೆ. ನಿಂತಲ್ಲೆಲ್ಲ ಗಾಳಿಯಲ್ಲಿ ನನ್ನ ಹೆಸರು ಬರುತ್ತಿತ್ತು. ದೊಡ್ಡ ಸಾಹೇಬರು ಕಿಟಕಿ ತೆರೆದು ಕುಳಿತಿದ್ದರು, ಅವರ ಕಿವಿಗೂ ಅದು ಬಿದ್ದಿತ್ತು. ಏನಯ್ಯಾ ಹೇಳಬೇಕಾದದ್ದು ಎಂದರು. ಸಾಹೇಬ್ರ, ಅವತ್ತು ಹಲಗೆ ನೀರಿನ ಮೇಲಿದ್ದಾಗಲೇ ನಾವು ದಂಡೆಗೆ ಹೋಗಿದ್ದೆವು, ಅರ್ಧ ತಾಸು ಕೂಗಲಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. ಕಿಟಕಿಯಾಚೆ ಅದು ಇನ್ನೂ ನನ್ನ ಹೆಸರು ಕೂಗುತ್ತಲೇ ಇತ್ತು, ಸುಮ್ಮನಾಗಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿ ಮುಗಿದಿಲ್ಲವೆಂದು ಆಗ ಹೊಳೆಯಿತು.

"ನಾನೂ ಸುಮ್ಮನ ನಿಂತಿದ್ನಿ, ಸಾಹೇಬ್ರ. ಅವಗ ಹೇಳಬೇಕಾಗಿತ್ತು, ಹೇಳಲಿಲ್ಲ."

ದಂಡೆಯ ಕಡೆಯಿಂದ ಬರುತ್ತಿದ್ದ ಎರಡು ದನಿಗಳಲ್ಲಿ ಒಂದು ನಿಂತಿತು. ಇನ್ನೊಂದು ಯಮನಪ್ಪನನ್ನು ಕರೆಯುತ್ತಲೇ ಇತ್ತು.